ಸಂದಿಗೆ ಹತ್ತಿ

ಕಾರಿಯಾಕೂ ದ್ವೀಪದ ಮೂಡಣ ದಡದಲ್ಲಿ
ನಲವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ:
ಹಲಗೆ ಹಲಗೆಯ ನಡುವಿನ ಸಂದಿಗೆ
ಉಳಿಯ ತುದಿಯಿಂದ ಹತ್ತಿ ತುರುಕುವುದು,
ಮೇಲೆ ಪುಟ್ಟಿ ಮೆತ್ತುವುದು,
ಸಮುದ್ರ ಒಳಗೆ ಬಾರದ ಹಾಗೆ.

ಈಗ ನೋಡಿ, ನಾನೇ ಸೋರುತ್ತಿದ್ದೇನೆ.

ಕೆಮ್ಮಿದರೆ ಒಂದು ಹನಿ, ನಕ್ಕರೆ ಎರಡು,
ಕುರ್ಚಿಯಿಂದ ಏಳುವಾಗ ಎಷ್ಟೆಂದು ಹೇಳಲಾರೆ.
ಸೇಂಟ್ ಜಾರ್ಜಸ್ಸಿನ ಡಾಕ್ಟರು, ಎಳೆ ಹುಡುಗ,
ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದ್ದ:
"ಇಷ್ಟೇ ತಾತ, ಒಂದು ಜಾಯಿಕಾಯಿಯಷ್ಟು."
ಜಾಯಿಕಾಯಿಯ ಸೀಮೆಯವನು ಇನ್ನೇನು ಹೋಲಿಕೆ ಕೊಟ್ಟಾನು, ಪಾಪ.
ಆ ಜಾಯಿಕಾಯಿ ಎಲ್ಲೋ ಗಾಜಿನ ಶೀಶೆಯಲ್ಲಿದೆ.
ಅದರ ಜೊತೆ ಏನೇನು ಹೋಯಿತೆಂಬ ಪಟ್ಟಿಯನ್ನು
ಯಾರೂ ಕೈಗೆ ಕೊಡಲಿಲ್ಲ.

ಫೆರಿಯಲ್ಲಿ ಮರಳುವಾಗ
ತೊಡೆಗೆ ಕಟ್ಟಿದ ಚೀಲ ಬೆಚ್ಚಗೆ ತುಂಬುತ್ತಿತ್ತು,
ಅಲೆಯ ಜೊತೆ ಏರುತ್ತ, ಅಲೆಯ ಜೊತೆ ಇಳಿಯುತ್ತ.
ಮಡಿಲಲ್ಲಿ ಕೋಳಿ ಇಟ್ಟುಕೊಂಡ ಹುಡುಗಿಯೊಬ್ಬಳು
ನನ್ನನ್ನೇ ನೋಡುತ್ತಿದ್ದಳು, ಅಥವಾ ನನ್ನ ಹಿಂದಿನ ನೀರನ್ನು.
ನೆತ್ತಿ ಸುಡುತ್ತಿದ್ದರೂ
ಟೋಪಿ ತೆಗೆದು ತೊಡೆಯ ಮೇಲಿಟ್ಟೆ.

ಊರಿಗೆ ಹೇಳಿದ್ದು: ಹರ್ನಿಯಾ.
ಅದು ಭಾರ ಎತ್ತಿದವನ ಕಾಯಿಲೆ, ಮಾನವಂತ ಕಾಯಿಲೆ.
ಮೂರು ವಾರ ಡಾಮಿನೋ ಮೇಜಿನ ಕಡೆ ಹಾಯಲಿಲ್ಲ.
ರಾತ್ರಿ ಪಕ್ಕದಲ್ಲಿ ಮಲಗಿದ ಎಸ್ಮಿ ಏನೂ ಕೇಳಲಿಲ್ಲ.
ಕೇಳದೆ ಇರುವುದು ಎಷ್ಟು ಸದ್ದು ಮಾಡುತ್ತದೆಂದು
ಆಗ ತಿಳಿಯಿತು.

ನಾಲ್ಕನೆಯ ವಾರ ಒಸ್ಬರ್ಟ್ ಬಂದ.
ಒಂದು ಸೀಡರ್ ದಿಮ್ಮಿಯ ಜಗಳಕ್ಕೆ
ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದವನು.
ಹಳೆ ಪೇಪರಿನಲ್ಲಿ ಸುತ್ತಿದ ಕಟ್ಟೊಂದನ್ನು
ಮೀನು ಕೊಡುವವನ ಹಾಗೆ ಬಾಗಿಲಲ್ಲಿ ಚಾಚಿದ.
"ಆಸ್ಪತ್ರೆಯವು ತೆಳು. ಇವು ದಪ್ಪ.
ಕಪ್ಪು ಪ್ಯಾಂಟೇ ಹಾಕು, ಬೂದಿ ಬಣ್ಣ ಬೇಡ."
ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದ.
"ಹರ್ನಿಯಾ ನನಗೂ ಆಗಿತ್ತು. ಆರು ವರ್ಷವಾಯಿತು."

ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟ:
"ಪಾದ್ರಿ ಪ್ರಸಂಗ ಮುಗಿಸುತ್ತಿಲ್ಲ, ನಿನಗೆ ತಡೆಯಲಾಗುತ್ತಿಲ್ಲ,
ಆಗ ಹೇಗೆ ಬಿಗಿಹಿಡಿಯುತ್ತೀ, ಹಾಗೆ. ಹತ್ತು ಎಣಿಸು. ಬಿಡು."
ಇಬ್ಬರೂ ಸಮುದ್ರ ನೋಡುತ್ತ ಎಣಿಸಿದೆವು.
ದಾರಿಯಲ್ಲಿ ಹೋಗುತ್ತಿದ್ದ ಮಿಸ್ ಕ್ಲೋಡಿಯಾ ನಿಂತು,
ಈ ಮುದುಕರು ಮತ್ತೆ ಜಗಳಕ್ಕೆ ಕೂತರೋ
ಪ್ರಾರ್ಥನೆಗೋ ತಿಳಿಯದೆ, ತಲೆ ಕೊಡವಿ ನಡೆದಳು.
ನಗು ತಡೆಯಲಾಗಲಿಲ್ಲ. ಎರಡು ಹನಿ.

"ಮತ್ತೆ... ಅದು?" ಅಂದೆ.
ಒಸ್ಬರ್ಟ್ ಬಹಳ ಹೊತ್ತು ಸುಮ್ಮನಿದ್ದ.
"ಬಂದರೂ ಬಂತು. ನನಗೆ ಬರಲಿಲ್ಲ.
ಮೊದಲು ಅವಳಿಗೆ ಹೇಳು, ನನಗಲ್ಲ."
ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.
ದಿಮ್ಮಿಯ ವಿಷಯ ಅಲ್ಲಿಗೆ ಬಿಟ್ಟೆ.

ನೀರಿಗಿಳಿದ ಹೊಸ ದೋಣಿ ಮೊದಲು ಸೋರಲೇಬೇಕು;
ಮರ ನೀರು ಕುಡಿದು ಉಬ್ಬಿದರೆ ಸಂದಿ ತಾನೇ ಮುಚ್ಚೀತು.
ಎಷ್ಟು ಗಿರಾಕಿಗಳಿಗೆ ಹೇಳಿಲ್ಲ ಈ ಮಾತು!
ಕೆಲವು ಕಡೆವರೆಗೂ ಸೋರುತ್ತವೆ, ಅದನ್ನು ಹೇಳುತ್ತಿರಲಿಲ್ಲ.
ಅಂಥವಕ್ಕೆ ಒಂದು ಡಬ್ಬಿ ಇಟ್ಟುಕೊಂಡು
ಜನ ಮೀನಿಗೆ ಹೋಗುತ್ತಾರೆ.

ಅಂದು ರಾತ್ರಿ ಎಸ್ಮಿಗೆ ಹೇಳಿದೆ.
ಅವಳು ದೀಪ ಹಚ್ಚಲಿಲ್ಲ.
ಅಂಗೈಯನ್ನು ಗಾಯದ ಮೇಲಿಟ್ಟು, "ಇಲ್ಲೇನಾ?" ಅಂದಳು.

ನಿನ್ನೆ ಫೆರಿ ಕಟ್ಟೆಯಲ್ಲಿ
ಅಂಚೆಯ ಲಿವಿಂಗ್‌ಸ್ಟನ್ ಕೂತಿದ್ದ, ಐವತ್ತೆರಡರ ಪ್ರಾಯ,
ಕೊಲ್ಲುವ ಬಿಸಿಲಲ್ಲಿ
ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು.
"ಹರ್ನಿಯಾ," ಅಂದ.

ಎಸ್ಮೀ, ಹಳೆ ಪೇಪರು ಎಲ್ಲಿಟ್ಟಿದ್ದೀ?